ರಬ್ಬರ್ ಬಳೆಯಡಿಯ ಎಳೆ

“ನೀರು ಎಲ್ಲಿಂದ ಒಳಗೆ ಬಂತು?”

ಸುಂದರ ಕೇಳಿದ್ದು ಯಾರನ್ನೂ ಅಲ್ಲ. ಪುಣೆಯ ಬಿಬವೇವಾಡಿಯ ತನ್ನ ಹೋಟೆಲಿನ ಹಿತ್ತಲಲ್ಲಿ, ನೀರಿನ ತೊಟ್ಟಿಯ ಮುಂದೆ ಮೊಣಕಾಲೂರಿದ್ದ. ಕೈಯಲ್ಲಿ ಗಾಜಿನ ಮುಖದ ಪೆಟ್ಟಿಗೆ. ಅದರೊಳಗೆ ಕ್ಯಾಮೆರಾ ಭದ್ರಪಡಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಹವಳದ ದಿಬ್ಬಗಳ ನಡುವೆ ಮೀನುಗಳ ಫೋಟೋ ತೆಗೆಯುವವನು ಅವನು. ನಾಳೆ ಲಕ್ಷದ್ವೀಪಕ್ಕೆ ಹೊರಡಬೇಕು. ಪರೀಕ್ಷೆಗೆಂದು ತೊಟ್ಟಿಯಲ್ಲಿ ಅದ್ದಿದರೆ ಕ್ಯಾಮೆರಾ ಪೆಟ್ಟಿಗೆಯೊಳಗೇ ಮುಳುಗಿ ಕೆಟ್ಟಿತ್ತು.

ಚಹಾಕ್ಕೆ ಬಂದಿದ್ದ ಫೌಜದಾರ ಮಲಕಪ್ಪ ಲೋಟ ಕೆಳಗಿಟ್ಟ.

“ಪೆಟ್ಟಿಗಿ ಒಡದದ ಏನ್ರಿ?”

“ಇಲ್ಲ ಮಾರಾಯ್ರೆ. ಈ ರಬ್ಬರ್ ಬಳೆ ಸರಿ ಕೂತರೆ ಹನಿಯೂ ಒಳಗೆ ಬರುದಿಲ್ಲ. ಅಡಿಯಲ್ಲಿ ಒಂದು ಕೂದಲು ಸಿಕ್ಕಿದರೆ ಮುಗೀತು.”

ಮಲಕಪ್ಪ ಬಳೆಯನ್ನು ಉಗುರಿನಿಂದ ಎಬ್ಬಿಸಿದ. ಅಡಿಯಲ್ಲಿ ಒಂದು ಎಳೆ. ಕೂದಲಲ್ಲ. ತಿಳಿಕಂದು, ಚಪ್ಪಟೆ.

“ಬೇಕಂತ ಇಟ್ಟಾರ.”

“ಬಾಳಕೃಷ್ಣ! ಅವನೂ ನೀರಡಿಯ ಫೋಟೋದವನೇ. ದೋಣಿಯಲ್ಲಿ ಒಬ್ಬನಿಗೇ ಜಾಗ ಉಂಟು. ನಿನ್ನೆ ಬಂದು ಪೆಟ್ಟಿಗೆ ಮುಟ್ಟಿದ್ದ!” ಸುಂದರ ಸಿಟ್ಟಿನಲ್ಲಿ ಬಳೆಯನ್ನು ಜಗ್ಗಿದ. ಅದು ಪಟ್ಟನೆ ಹರಿಯಿತು. ಬದಲಿಗೆಂದು ಇಟ್ಟಿದ್ದ ಇನ್ನೊಂದು ಬಳೆಗಾಗಿ ಚೀಲಕ್ಕೆ ಕೈ ಹಾಕಿದ. ಅದು ಮಾಯವಾಗಿತ್ತು.

*

ಬೆಳಗಾವಿಯ ಬಾಳಕೃಷ್ಣ ಕರೆದ ಕೂಡಲೇ ಬಂದ. ಬಂದವನೇ ತನ್ನ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟ.

“ಹೊಟ್ಟಿಕಿಚ್ಚು ಇತ್ರಿ ಸಾಹೇಬ್ರ, ಇಲ್ಲ ಅನ್ನೂದಿಲ್ಲ. ಆದ್ರ ಇವನ ಹೆಂಡ್ತಿ ತಮ್ಮ ಅಪ್ಪಿ ಹೋದ ವರ್ಷ ಲಕ್ಷದ್ವೀಪದಾಗ ಮುಳುಗಿ ಸತ್ತ ನೋಡ್ರಿ, ಅವತ್ತಿನಿಂದ ನಾ ನೀರಿಗಿ ಇಳದಿಲ್ಲ. ತಗೋ ಸುಂದರ, ಇದೂ ನಿನ್ನ ಪೆಟ್ಟಿಗ್ಯಾಗ ಕೂಡ್ತದ. ಒಯ್ಯಿ. ನೀನೂ ಮುಳುಗು!”

ಮಲಕಪ್ಪ ಹೊರಗೆ ಹೋಗಿ ಹೂವಿನವಳ ಬುಟ್ಟಿ ನೋಡಿ ಬಂದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ತಂಗಿ, ತಲಿಯಾಗಿನ ಮಲ್ಲಿಗಿ ಯಾರು ಕಟ್ಟಿದ್ದು?”

ಸುಂದರನ ಹೆಂಡತಿ ಪ್ರೇಮಾವತಿ ತಿರುಗಲಿಲ್ಲ. “ನಾನೇ.”

“ಯಾವ ದಾರದಾಗ?”

“ನಮ್ಮ ಊರಲ್ಲಿ ದಾರ ಎಂತಕ್ಕೆ? ಬಾಳೆನಾರು...” ಮಾತು ಅಲ್ಲೇ ನಿಂತಿತು.

“ಪುಣೆದಾಗ ಎಲ್ಲಾರೂ ನೂಲಿನ್ಯಾಗ ಕಟ್ತಾರ. ಪೆಟ್ಟಿಗ್ಯಾಗ ಸಿಕ್ಕದ್ದು ಬಾಳಿ ನಾರು. ಕೂದಲಿನ ಮಾತು ಗಂಡನ ಬಾಯಾಗ ದಿನಾ ಕೇಳಿದವರು ನೀವು. ಮತ್ತ ಮಲ್ಲಿಗಿ ಕೆಳಗ ತುರುಬಿಗಿ ಸುತ್ತಿದ ಆ ಕರೀ ರಬ್ಬರ್ ಅಂಗಡ್ಯಾಗಿಂದಲ್ಲ, ಅವರ ಚೀಲದಾಗಿಂದು.”

ಅವಳು ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

“ಹೌದು, ನಾನೇ ಮಾಡಿದ್ದು. ಅಪ್ಪಿ ಕೆಳಗೆ ಒದ್ದಾಡುವಾಗ ಇವರು ಮೀನಿನ ಫೋಟೋ ತೆಗೀತಿದ್ದರು. ಕ್ಯಾಮೆರಾ ಒಂದು ಹನಿ ಒದ್ದೆಯಾಗದೆ ಮೇಲೆ ಬಂತು. ನನ್ನ ತಮ್ಮ ಬರಲಿಲ್ಲ.”

“ನನಗೆ ಅವನು ಕಾಣಲಿಲ್ಲ, ಪ್ರೇಮಾ.”

“ಮೀನಿನ ಕಣ್ಣು ಕಂಡಿತಲ್ಲ?”

ಸುಂದರ ತಲೆ ತಗ್ಗಿಸಿದ. ಅವನ ನೋಟ ಮೇಜಿನ ಮೇಲಿದ್ದ ಬಾಳಕೃಷ್ಣನ ಕ್ಯಾಮೆರಾದ ಮೇಲೆ ಬಿತ್ತು. ಅಲ್ಲೇ ನಿಂತಿತು. ಆಮೇಲೆ ಅವನು ಹೆಂಡತಿಯ ಕಡೆ ಕೈ ಚಾಚಿದ.

“ಆ ಬಳೆ ಕೊಡು. ನಾಳೆ ರೈಲು ಉಂಟು.”

ಪ್ರೇಮಾವತಿ ತುರುಬನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು.

“ಕೊಡುದಿಲ್ಲ.”