ಚಲುವಮ್ಮ ಕಲಿಸಿದ ಕಾಯಿಲೆಯ ಹೆಸರು

“ಇಸ್ಪ್ಲೀನೋ ಅಲ್ಲ. ಆ ‘ಇ’ ಎಲ್ಲಿಂದ ತಂದ್ರಿ? ನಾನಂತೂ ಕೊಟ್ಟಿಲ್ಲ,” ಎಂದು ಚಲುವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ಸಿದ್ದಾಪುರದ ಹತ್ತಿರದ ಎಸ್ಟೇಟ್ ಆಸ್ಪತ್ರೆಯಲ್ಲಿ ಅವಳು ಆಯಾ. ಸಣ್ಣಸ್ವಾಮಿ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ಆಳು. ಇಬ್ಬರ ಹಿರಿಯರೂ ಹಾಸನದ ಕಡೆಯಿಂದ ಬಂದು ನೆಲೆಸಿದವರು. ವೀಳ್ಯ ಬದಲಾಯಿಸಿ ಮದುವೆಯನ್ನೂ ಗೊತ್ತು ಮಾಡಿದ್ದರು.

ಭಾನುವಾರ ಸಂಜೆ ಅವನು ಆಸ್ಪತ್ರೆಯ ಜಗಲಿಗೆ ಬಂದರೆ ಅವಳದು ಒಂದೇ ಪಾಠ. ಡಾಕ್ಟರು ರೌಂಡ್ಸಿನಲ್ಲಿ ಆಡುವ, ಒಂದು ಕಾಯಿಲೆಯ ಉದ್ದನೆಯ ಹೆಸರು. ಅದನ್ನು ತಪ್ಪಿಲ್ಲದೆ ಹೇಳಿದ ದಿನ ಕೇಳಿದ್ದು ಕೊಡುತ್ತೇನೆ ಎಂದಿದ್ದಳು.

“ಹೆ-ಪ-ಟೋ. ತುಟಿ ನೋಡಿದ್ರೆ ಬರಲ್ಲ, ಕಿವಿ ಕೊಡಿ.”

“ತುಟಿ ನೋಡೋಕೇ ಬರ್ತಿರೋದು.”

ಯಂತ್ರದ ಸದ್ದಿನಲ್ಲಿ ಕಿರುಚಿ ಕಿರುಚಿ ಕಲಿತ. ಒಂದು ಭಾನುವಾರ ಬಂದವನೇ ಒಂದೇ ಉಸಿರಿಗೆ ಹೇಳಿದ: “ಹೆಪಟೋಸ್ಪ್ಲೀನೋಮೆಗಲಿ!”

ಅವಳು ನಗಲಿಲ್ಲ. “ಗ್ರೀಕ್ ಭಾಷೆಯಂತೆ. ಹೆಪಟೋ ಅಂದ್ರೆ ಲಿವರು. ಸ್ಪ್ಲೀನೋ ಅಂದ್ರೆ ಇಲ್ಲಿ, ಎಡಪಕ್ಕೆ ಒಳಗಿರೋದು. ಮೆಗಲಿ ಅಂದ್ರೆ ಊದಿ ದೊಡ್ಡದಾಗೋದು.”

“ಚಳಿಜ್ವರ ಬಂದೋರಿಗೆ ಹೊಟ್ಟೇಲಿ ಊದುತ್ತಲ್ಲ, ನಮ್ಮೋರ ಜ್ವರಗಡ್ಡೆ! ಅದಕ್ಕೆ ಇಷ್ಟುದ್ದದ ಹೆಸರಾ?” ಎಂದ. ಅವಳ ಬೆರಳು ಅವಳ ಪಕ್ಕೆಯ ಮೇಲೇ ನಿಂತಿರುವುದನ್ನು ಕಂಡು ಅವನ ನಗು ಆರಿಹೋಯಿತು.

“ಈ ಕಾಯಿಲೆ ನಂದೇ. ಹೆರಿಗೆ ತಡ್ಕೊಳ್ಳೋ ಮೈಯಲ್ಲ ಅಂದ್ರು ಡಾಕ್ಟ್ರು.”

“ಮಕ್ಕಳು ಬೇಡ. ನೀನು ಸಾಕು.”

“ನಿಮ್ಮವ್ವಂಗೆ ಸಾಕಾ?”

ಅವನು ಮುಖ ತಿರುಗಿಸಿ ಎಸ್ಟೇಟಿನ ದಾರಿ ನೋಡಿದ.

“ಮದುವೆ ಬಿಡೋ ಮಾತು ನಿಮ್ಮ ಕಡೆಯಿಂದ ಬರ್ಲಿ. ನಾನು ಅಂದ್ರೆ ಯಾರು ಕೇಳ್ತಾರೆ? ಕಾರಣ ಹೇಳದೆ ಬಿಟ್ರೆ ನನ್ನ ನಡತೆ ಆಡ್ಕೋತಾರೆ. ಜ್ವರಗಡ್ಡೆ ಅಂದ್ರೆ ಮನೆತನದ ರೋಗ ಅಂದ್ಕೊಂಡು ನನ್ನ ತಂಗಿ ಲಿಂಗಮ್ಮನ್ನೂ ಯಾರೂ ಕೇಳಲ್ಲ. ಈ ಹೆಸರು ಹೇಳಿ. ಯಾರಿಗೂ ಅರ್ಥ ಆಗಲ್ಲ.”

“ಇದಕ್ಕೇನಾ ಇಷ್ಟು ದಿನ ಕಲಿಸಿದ್ದು?”

“ಮತ್ತೆ? ನಿಮ್ಮನ್ನ ಡಾಕ್ಟ್ರು ಮಾಡೋಕಾ?”

“ಕೇಳಿದ್ದು ಕೊಡ್ತೀನಿ ಅಂದಿದ್ದೆ. ನಿನ್ನೇ ಕೇಳ್ತೀನಿ.”

“ಸುಳ್ಳು ಹೇಳಿದ್ದೆ,” ಎಂದು ಅವಳು ಬೆಡ್‌ಪ್ಯಾನ್ ತೊಳೆಯಲು ಎದ್ದು ಹೋದಳು.

ಕೊನೆಗೆ ಅವನು ಮದುವೆ ಬೇಡವೆಂದು ಹೇಳಿಕಳಿಸಿದ ಮೇಲೆ, ಅವಳ ಮನೆಯಲ್ಲಿ ಎರಡೂ ಕಡೆಯವರು ಕೂತರು. “ಮದುವೆ ಯಾಕೆ ಬೇಡವಂತಪ್ಪ?” ಎಂದು ಕೇಳಿದರು ಅವಳ ದೊಡ್ಡಪ್ಪ ಜವರಯ್ಯ.

“ಅವಳಿಗೆ ಕಾಯಿಲೆ. ಹೆಪಟೋ... ಸ್ಪ್ಲೀನೋ...” ಸಣ್ಣಸ್ವಾಮಿ ನಿಲ್ಲಿಸಿದ. ಅವನ ಮುಖ ತಟ್ಟನೆ ಅರಳಿತು. “ಮರೆತೋಯ್ತು. ಕಾಯಿಲೆ ಇಲ್ಲ, ಏನೂ ಇಲ್ಲ. ಲಗ್ನ ಇಟ್ಕೊಳ್ಳಿ!”

ಜವರಯ್ಯ ನಕ್ಕುಬಿಟ್ಟರು.

“ಮೆಗಲಿ,” ಎಂದಿತು ಅಡುಗೆಮನೆಯ ಬಾಗಿಲ ಹಿಂದಿನ ದನಿ. “ಹೆಪಟೋಸ್ಪ್ಲೀನೋಮೆಗಲಿ, ದೊಡ್ಡಪ್ಪ. ಡಾಕ್ಟ್ರೇ ಹೇಳಿದ್ದು.”

ಜವರಯ್ಯನವರ ನಗು ನಿಂತಿತು. ಬದಲಾಯಿಸಿದ ವೀಳ್ಯವನ್ನು ಹಿಂದಿರುಗಿಸುವಂತೆ ಅವರು ಎಲೆಯಡಿಕೆಯ ತಟ್ಟೆಯನ್ನು ಸಣ್ಣಸ್ವಾಮಿಯ ತಾಯಿಯತ್ತ ಮೆಲ್ಲಗೆ ಸರಿಸಿದರು.

ಆಕೆ ತಟ್ಟೆ ಎತ್ತಿಕೊಳ್ಳಲಿಲ್ಲ. “ಚಿಕ್ಕೋಳು ಲಿಂಗಮ್ಮಂಗೆ ವಯಸ್ಸೆಷ್ಟು?” ಎಂದು ಕೇಳಿದಳು.

ಮಗ ತಾಯಿಯ ತೋಳು ಹಿಡಿದ. “ಅವ್ವಾ, ಬೇಡ.”

“ಹತ್ತೊಂಬತ್ತು,” ಎಂದಳು ಒಳಗಿನಿಂದ ಚಲುವಮ್ಮ.