ಹಿಂಡಿದ ಪಾಸ್‌ವರ್ಡ್

ಸ್ಪೇನಿಗೆ ಹೋಗುವ ಅವಕಾಶ ಮಬ್ರೂಕಾಗೆ ಸಿಕ್ಕಿತೆಂದಾಗ ಮೊದಲು ಚಪ್ಪಾಳೆ ತಟ್ಟಿದವನು ನೌಫಲ್. ಸ್ಫಾಕ್ಸ್ ಊರಿನ ಈ ಆಲಿವ್ ಸಂಶೋಧನಾಲಯದಲ್ಲಿ ಆರು ವರ್ಷ ಬೆವರು ಸುರಿಸಿದ್ದು ಅವನು. ಮಣೆ ಮಾತ್ರ ಮೊನ್ನೆ ಮೊನ್ನೆ ಮರುಭೂಮಿಯ ತತಾವೀನಿನಿಂದ ಬಂದವಳಿಗೆ. ಅವನು ಅವಳನ್ನು ಕರೆಯುತ್ತಿದ್ದುದೇ ‘ತತಾವೀನ್ ಒಂಟೆ’ ಎಂದು. ಅವಳು ನಕ್ಕುಬಿಡುತ್ತಿದ್ದಳು. ಆ ನಗು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಅವಳ ಕೆಲಸವನ್ನು ಕದಿಯಬೇಕಿರಲಿಲ್ಲ, ಸುಳ್ಳೆಂದು ತೋರಿಸಿದರೆ ಸಾಕಿತ್ತು. ಮರಗಳ ರೋಗದ ಅಂಕಿಗಳೆಲ್ಲ ದೂರದ ಸರ್ವರಿನಲ್ಲಿ, ಅವಳು ಪರದೆಯಲ್ಲೇ ಬರೆಯುತ್ತಿದ್ದ ಕೋಡ್ ನೋಟ್‌ಬುಕ್ಕಿನಲ್ಲಿದ್ದವು. ಅವನ್ನು ತಿದ್ದಿದ ಕಳಂಕ ಅವಳಿಗೇ ಅಂಟಬೇಕಾದರೆ, ಬೇರೆ ಯಾರೂ ಒಳಹೋಗಲಾರರೆಂದು ಎಲ್ಲರೂ ಮೊದಲೇ ನಂಬಿರಬೇಕು. ಆದ್ದರಿಂದ ಸರ್ವರಿಗೆ ಪಾಸ್‌ವರ್ಡ್ ಕಾವಲು ಹಾಕುವ ಕೆಲಸವನ್ನು ತಾನೇ ವಹಿಸಿಕೊಂಡ. ಎಲ್ಲರೆದುರು ಅವಳ ಕೈಯಲ್ಲೇ ಪಾಸ್‌ವರ್ಡ್ ಒತ್ತಿಸಿ, ತಾನು ಗೋಡೆಗೆ ಮುಖ ಮಾಡಿ ನಿಂತ. ಪರದೆಯ ಮೇಲೆ ತಲೆಬುಡವಿಲ್ಲದ ಅಕ್ಷರಗಳ ಉದ್ದನೆಯ ಸಾಲು ಮೂಡಿತು.

“ಇದೇ ಹ್ಯಾಶ್, ಪಾಸ್‌ವರ್ಡನ್ನ ಹಿಂಡಿ ತೆಗೆದದ್ದು. ಸರ್ವರಿನ ಕಡತದಲ್ಲಿ ಇಷ್ಟೇ ಇರೋದು, ಅದು ಹೋಲಿಸಿ ನೋಡೋದೂ ಇದನ್ನೇ. ಗಾಣದಿಂದ ಇಳಿದ ಎಣ್ಣೇನ ಮತ್ತೆ ಕಾಯಿ ಮಾಡೋಕಾಗತ್ತಾ ಪ್ರೊಫೆಸರ್? ಇದೂ ಹಂಗೇ. ಅವಳ ಪಾಸ್‌ವರ್ಡ್ ನಂಗೂ ಗೊತ್ತಾಗಲ್ಲ.”

“ಅಂದ್ರೆ ಒಂದೇ ಬೀಗ, ಒಂದೇ ಕೀಲಿ,” ಎಂದರು ಸಂಶೋಧನಾಲಯದ ಮುಖ್ಯಸ್ಥ ಪ್ರೊಫೆಸರ್ ಮುಂಜಿ.

“ಕೀಲಿ ಒಂಟೆ ಕೊರಳಲ್ಲಿ!” ಎಂದ ನೌಫಲ್. ಎಲ್ಲರೂ ನಕ್ಕರು.

ಎಣ್ಣೆಯಿಂದ ಕಾಯಿ ಮಾಡಲಾಗದು, ನಿಜ. ಪೀಪಾಯಿಯನ್ನೇ ಬದಲಿಸಬಹುದಲ್ಲ?

ರಮದಾನಿನ ಒಂದು ಸಂಜೆ, ಉಪವಾಸ ಬಿಡಲು ಎಲ್ಲರೂ ಮನೆಗೆ ಓಡಿದ ಮೇಲೆ, ಅವನು ಅವಳ ಹ್ಯಾಶನ್ನು ನಕಲು ಮಾಡಿಟ್ಟುಕೊಂಡು ಆ ಜಾಗದಲ್ಲಿ ತನ್ನದನ್ನು ಕೂರಿಸಿದ. ಪಾಸ್‌ವರ್ಡಿಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ನಾಲಿಗೆ ತುದಿಯಲ್ಲಿದ್ದದ್ದನ್ನೇ ಇಟ್ಟ. ಸರ್ವರ್ ಆ ಕಡತ ಓದುವುದು ಏಳುವಾಗ ಮಾತ್ರ. ಆದ್ದರಿಂದ ಅದನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ. ಒಳಹೊಕ್ಕು ಸತ್ತ ಮರಗಳನ್ನು ಬದುಕಿಸಿದ, ಬದುಕಿದ್ದವನ್ನು ಸಾಯಿಸಿದ. ಮೂರು ಬೇಸಗೆ ಬಿಸಿಲಲ್ಲಿ ಅಲೆದು ಅವಳು ಬರೆದದ್ದು ಅರ್ಧ ಗಂಟೆಯಲ್ಲಿ ಕಸವಾಯಿತು. ಅವನಿಗೆ ಹಾಯೆನಿಸಿತು. ಅವಳ ಹ್ಯಾಶನ್ನು ಸ್ವಸ್ಥಾನಕ್ಕೆ ಮರಳಿಸುವ ಹೊತ್ತಿಗೆ ಬಾಂಗು ಕೇಳಿತು. ಒಣಗಿದ ಬಾಯಿಗೆ ಜೇಬಿನ ಖರ್ಜೂರ ಹಾಕಿಕೊಂಡು, ಅಮ್ಮನ ಬಿಸಿ ಶೋರ್ಬಾ ಸಾರು ನೆನೆಯುತ್ತ ಮನೆಗೆ ನಡೆದ.

ಮರುದಿನ ಬೆಳಿಗ್ಗೆಯೇ ಅವಳ ಅಂಕಿಗಳು ಸುಳ್ಳೆಂಬ ಸಂಶಯವನ್ನು ಪ್ರೊಫೆಸರರ ಕಿವಿಯಲ್ಲಿ ಊದಿದ. ಅವರು ಎಲ್ಲರನ್ನೂ ಕೂರಿಸಿದರು.

“ನೋಟ್‌ಬುಕ್ ತೆಗಿಯಮ್ಮ, ನನ್ನೆದುರಿಗೇ.”

ಮಬ್ರೂಕಾ ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದಿತು ಸರ್ವರ್. ಮತ್ತೆ ಒತ್ತಿದಳು. ತಪ್ಪು.

ನೌಫಲ್‌ಗೆ ನಗು ತಡೆಯಲಾಗಲಿಲ್ಲ. “ಏನಮ್ಮ ತತಾವೀನ್ ಒಂಟೆ, ಕೀಲೀನ ಮರಳಲ್ಲಿ ಬೀಳಿಸ್ಕೊಂಡ್ಯಾ?”

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

“ಬೀಗ ಹಾಕ್ದೋನು ನೀನೇ ಅಲ್ವಾ, ಅಣ್ಣ,” ಎಂದಳು. ಆಮೇಲೆ, ಇಷ್ಟು ದಿನ ನುಂಗಿಕೊಂಡಿದ್ದ ಆ ‘ತತಾವೀನ್ ಒಂಟೆ’ ಹೆಸರನ್ನೇ ಗಟ್ಟಿಯಾಗಿ ಹೇಳುತ್ತ, ಒಂದೊಂದೇ ಅಕ್ಷರ ಒತ್ತಿದಳು.

ನೋಟ್‌ಬುಕ್ ತೆರೆಯಿತು. ಎಲ್ಲರ ಮುಖವೂ ನೌಫಲ್ ಕಡೆ ತಿರುಗಿತು. ಕಡತದಲ್ಲಿ ಅವಳ ಹ್ಯಾಶ್ ಅಚ್ಚುಕಟ್ಟಾಗಿ ಕೂತಿತ್ತು, ಅದರಲ್ಲೇನೂ ಲೋಪವಿರಲಿಲ್ಲ. ಆದರೆ ಸರ್ವರ್ ಅದನ್ನು ಇನ್ನೂ ಓದಿಯೇ ಇರಲಿಲ್ಲ; ಬಾಂಗು ಕೇಳಿದ ಗಡಿಬಿಡಿಯಲ್ಲಿ ಅವನು ಸರ್ವರನ್ನು ಇನ್ನೊಮ್ಮೆ ನಿಲ್ಲಿಸಿ ಎಬ್ಬಿಸಿರಲಿಲ್ಲ.