ಕಟ್ ಇಲ್ಲದ ಶಾಟ್

ಮೊದಲ ಭೇಟಿಯಲ್ಲೇ ಅವಳು ಅವನ ಮೂಗು ಮುರಿದಳು. ಪ್ರೀತಿ ಹೀಗೂ ಶುರುವಾಗುತ್ತದೆ, ಏನು ಮಾಡೋಣ!

ಸಿನಿಮಾ ಫೈಟುಗಳಲ್ಲಿ ನಾಯಕಿಯ ಬದಲಿಗೆ ಕಿಟಕಿ ಒಡೆದುಕೊಂಡು ಬೀಳುವುದು ಅವಳ ಕೆಲಸ. ಅವತ್ತು ಬಿದ್ದೆದ್ದು ಮೈ ಕೊಡವುತ್ತಿದ್ದಾಗ, ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ನಕಲಿ ಗಾಜಿನ ಚೂರು ತೆಗೆಯೋಣವೆಂದು ಎಡಿಟರ್ ಮಹಾಶಯ ಕೈ ಚಾಚಿದ. ಕೈ ಬಂತೆಂದರೆ ಏಟು ಬಂತೆಂದೇ ಅವಳ ಲೆಕ್ಕ. ಅವಳ ಅಣ್ಣ ಫೈಟ್ ಮಾಸ್ಟರ್. ಒಂಬತ್ತನೇ ವಯಸ್ಸಿನಿಂದ ಕಲಿಸಿದ್ದೇ ಹಾಗೆ, ಏಟು ತಡೆಯದಿದ್ದಾಗಲೆಲ್ಲ ಅವಳ ಕೆನ್ನೆಗೆ ಬಾರಿಸುತ್ತಾ. ಕಣ್ಣು ಮಿಟುಕಿಸುವಷ್ಟರಲ್ಲಿ ಅವಳ ಮುಷ್ಟಿ ಹಾರಿತ್ತು.

ಮಾರನೇ ದಿನ ಮಧ್ಯಾಹ್ನ ಅದೇ ಸ್ಟುಡಿಯೋದ ಎಡಿಟಿಂಗ್ ರೂಮಿಗೆ ಹೋಗಿ ಗಾಜಿನ ಬಾಗಿಲು ತಳ್ಳಿದಳು. ಮೂಗಿಗೆ ಹತ್ತಿ ತುರುಕಿಕೊಂಡು ಅವನು ಸಿನಿಮಾ ನೋಡುತ್ತಿದ್ದ. ಪರದೆಯ ಮೇಲೆ ಒಬ್ಬ ಮುದುಕ ಮೆಟ್ಟಿಲ ಮೇಲೆ ಕೂತಿದ್ದ. ಕೂತೇ ಇದ್ದ.

“ಸಾರಿ ರೀ,” ಎಂದಳು.

“ಪರವಾಗಿಲ್ಲ ಬಿಡಿ. ಟೈಮಿಂಗ್ ಮಾತ್ರ ಸೂಪರ್.”

“ಈ ಅಜ್ಜ ಯಾಕೆ ಕಾಯ್ತಿದ್ದಾನೆ?”

“ಮಗಳು ಬಾಗಿಲು ತೆಗೀಲಿ ಅಂತ.”

“ಒದ್ದು ಮುರಿಯೋದು ಯಾವಾಗ?”

ಅವನಿಗೆ ನಗು ಬಂತು. ನಕ್ಕರೆ ಮೂಗು ನೋವು. “ಅಮ್ಮಾ! ಮುರಿಯಲ್ಲ ಕಣ್ರೀ. ಇರಾನಿನ ಡೈರೆಕ್ಟರ್ ಒಬ್ಬರ ಸಿನಿಮಾ ಇದು. ಮ್ಯೂಸಿಕ್ ಇಲ್ಲ, ಸೆಟ್ ಇಲ್ಲ, ಯಾರೂ ಯಾರಿಗೂ ಹೊಡೆಯಲ್ಲ. ಈ ಶಾಟ್ ಆರು ನಿಮಿಷ, ಒಂದೂ ಕಟ್ ಇಲ್ಲ. ನಿಮ್ಮ ಫೈಟಾದ್ರೆ ಅಷ್ಟರಲ್ಲಿ ಮುನ್ನೂರು ಕಟ್ ಮಾಡಿರ್ತೀನಿ.”

“ಬೋರ್ ಆಗಲ್ವಾ?”

“ಕೂತು ನೋಡಿ.”

ಕೂತಳು. ಮೊದಲ ನಿಮಿಷ ಆಕಳಿಸಿದಳು. ಆಮೇಲೆ ಮುದುಕನ ಹರಿದ ಚಪ್ಪಲಿ ಕಂಡಿತು. ಇನ್ನೂ ಸ್ವಲ್ಪ ಹೊತ್ತಿಗೆ, ಅವನು ಆ ಕಾಲನ್ನು ಇನ್ನೊಂದರ ಹಿಂದೆ ಮರೆಮಾಡಿದ್ದು ಕಂಡಿತು. ಅಷ್ಟಕ್ಕೇ ಅವಳು ಕಣ್ಣೊರೆಸಿಕೊಂಡಳು. ಮೂರು ಮಹಡಿ ಮೇಲಿಂದ ಬಿದ್ದಾಗಲೂ ಅತ್ತವಳಲ್ಲ!

ದಿನಾ ಊಟದ ಬಿಡುವಿಗೆ ಅವಳು ಅಲ್ಲಿ ಹಾಜರು. ಅವನು ಒಂದು ಕುರ್ಚಿ ಬಿಟ್ಟು ಕೂರುತ್ತಿದ್ದ, ಎರಡೂ ಕೈ ತೊಡೆಯ ಕೆಳಗೆ ಸೇರಿಸಿಕೊಂಡು.

“ಕೈಗೆ ಚಳಿಯಾ?”

“ಮೂಗಿಗೆ ಭಯ.”

ಅವಳು ನಕ್ಕಳು. ಆದರೆ ಪರದೆಗಿಂತ ಆ ಅಡಗಿಸಿಟ್ಟ ಕೈಗಳನ್ನೇ ಹೆಚ್ಚು ನೋಡಿದಳು. ಒಮ್ಮೆ ತನ್ನ ಕೆನ್ನೆ ಮುಟ್ಟಲಿ ಎಂಬ ಆಸೆ. ಮುಟ್ಟಿದರೆ ಮತ್ತೆ ಎಲ್ಲಿ ಮುರಿದುಬಿಡುತ್ತೇನೋ ಎಂಬ ಹೆದರಿಕೆ.

ಮೂರನೇ ವಾರ ಶೂಟಿಂಗಿನಲ್ಲಿ ದೊಣ್ಣೆ ಬೀಸಿ ಬಂದಾಗ, ಅದನ್ನು ಹಿಡಿದ ಕೈಯನ್ನೇ ನೋಡುತ್ತಾ ಅವಳು ಅರೆಗಳಿಗೆ ತಡಮಾಡಿದಳು. ಹುಬ್ಬು ಸೀಳಿತು. ಅಣ್ಣನ ಪಿತ್ತ ನೆತ್ತಿಗೇರಿತು.

“ದಿನಾ ಸಿನಿಮಾ ತೋರಿಸಿ ಆ ಎಡಿಟರ್ ನಿನ್ನ ಹಾಳು ಮಾಡ್ಬಿಟ್ಟ! ಮುಗಿಸ್ತೀನಿ ಅವನನ್ನ!”

ಕಬ್ಬಿಣದ ಸರಳು ಹಿಡಿದು ಹೊರಟೇಬಿಟ್ಟ. ಒಂದು ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವಳು ಹಿಂದೆಯೇ ಓಡಿದಳು. ಅಷ್ಟರಲ್ಲಿ ಮೊದಲ ಏಟಿಗೆ ಮಾನಿಟರ್ ಪುಡಿಯಾಗಿತ್ತು, ಎರಡನೆಯದಕ್ಕೆ ಎಡಿಟರ್ ಭುಜ ಹಿಡಿದು ನೆಲಕ್ಕುರುಳಿದ್ದ. ಅಣ್ಣ ಅವನ ಬೆರಳುಗಳ ಮೇಲೆ ಸರಳೆತ್ತಿದ. “ಇನ್ಮೇಲೆ ಅದೇನು ಕಟ್ ಮಾಡ್ತೀಯೋ ನೋಡ್ತೀನಿ!”

ಅವಳು ಹಾರಿದಳು. ಅಣ್ಣ ತಂಗಿ ಇಬ್ಬರೂ ಗಾಜಿನ ಬಾಗಿಲು ಒಡೆದುಕೊಂಡು ಹೊರಗೆ ಬಿದ್ದರು. ಇದು ನಕಲಿ ಗಾಜಲ್ಲ. ತೋಳು ಕುಯ್ದಿತು, ಆದರೂ ಅಣ್ಣನ ಕೈ ಹಿಂದಕ್ಕೆ ತಿರುಚಿ, ಬೆನ್ನಿಗೆ ಮೊಣಕಾಲು ಒತ್ತಿ, ಸರಳು ಕಿತ್ತುಕೊಂಡಳು.

“ನನ್ನ ಮೇಲೇ ಕೈ ಮಾಡ್ತೀಯೇನೇ?”

“ನೀನೇ ಕಲಿಸಿದ್ದಲ್ವಾ ಅಣ್ಣಾ!”

ಸರಳೆತ್ತಿದಳು. ಅಷ್ಟು ವರ್ಷದ ಕಪಾಳಮೋಕ್ಷಕ್ಕೆ ಒಂದೇ ಒಂದು ಏಟು ಸಾಕಿತ್ತು. ಆಗ ಅಣ್ಣನ ಕತ್ತಿನ ಹಿಂದಿನ ನರೆಗೂದಲು ಕಂಡಿತು, ಏಟಿಗೆ ಕಾದು ಬಿಗಿಯಾಗಿ ಮುಚ್ಚಿಕೊಂಡಿದ್ದ ಕಣ್ಣು ಕಂಡಿತು. ಹಾಳಾದ್ದು, ನೋಡುವುದನ್ನು ಕಲಿತುಬಿಟ್ಟಿದ್ದಳಲ್ಲ! ಸರಳನ್ನು ದೂರ ಎಸೆದಳು.

“ಎದ್ದು ಹೋಗು. ನಾಳೆಯಿಂದ ನಾನು ಬರಲ್ಲ.”

“ನನ್ನ ಬಿಟ್ರೆ ನಿನಗ್ಯಾರು ಕೆಲಸ ಕೊಡ್ತಾರೆ?”

“ಗೊತ್ತಿಲ್ಲ. ಹೋಗು.”

ಅಣ್ಣ ತಿರುಗಿ ನೋಡದೆ ಹೋದ. ಎಡಿಟರ್ ತೆವಳಿಕೊಂಡು ಬಂದು ಅವಳೆದುರು ಕೂತ.

“ಕೂದಲಲ್ಲಿ ಗಾಜಿದೆ ರೀ.”

“ತೆಗೀರಿ.”

“ಮೂಗು?”

“ನಿಧಾನಕ್ಕೆ ಬನ್ನಿ. ನಡುವೆ ಮಾತ್ರ ನಿಲ್ಲಿಸ್ಬೇಡಿ.”

ಕೈ ಬಂತು. ಅವಳ ಮುಷ್ಟಿ ತಾನಾಗಿಯೇ ಬಿಗಿಯಿತು. ಅವನು ಅವಸರಪಡಲಿಲ್ಲ. ಚೂರನ್ನು ಬಿಡಿಸಿದ, ಆಚೆ ಇಟ್ಟ. ಆಮೇಲೆ ಅದೇ ಬೆರಳು ಕೆನ್ನೆಗೆ ಇಳಿಯಿತು.

ಅವಳು ತಡೆಯಲಿಲ್ಲ.

“ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ,” ಎಂದಳು. ಮುಷ್ಟಿ ಬಿಚ್ಚಿ ಆ ಕೈಯನ್ನು ಹಿಡಿದುಕೊಂಡಳು.